ಓರಗಿತ್ತಿಯರು ಕಟ್ಟಿಸಿದ ಮನೆ

ಬೀರು ಸರಿಯಾಗಿ ಬಂದಿದೆಯೋ ಇಲ್ಲವೋ ತಿಳಿಯಬೇಕಾದರೆ ಅದರ ಬಾಗಿಲು ಹಾಕಿ ಕಿವಿ ಕೊಡಬೇಕು. ಧಪ್ ಅಂತ ಒಂದೇ ಸದ್ದು ಬರಬೇಕು. ತಗಡು ಗಡಗಡ ಅಂದರೆ ಮಡಿಕೆ ಸರಿಯಿಲ್ಲ, ಕಿರ್ರೆಂದರೆ ಕೀಲು ಸರಿಯಿಲ್ಲ. ನಮ್ಮ ಕಾರ್ಖಾನೆಯ ಬೀರುಗಳು ಒಂದೇ ಸದ್ದಿನವು ಅಂತ ಹೆಸರು. ಆ ಹೆಸರಿನ ಮೇಲೆ ಇಬ್ಬರು ಅಣ್ಣತಮ್ಮಂದಿರು ದುಡ್ಡು ಮಾಡಿದರು. ಆ ದುಡ್ಡಿನ ಮೇಲೆ ಅವರ ಹೆಂಡಿರು ಅರಮನೆ ಕಟ್ಟಿಸಲು ಹೊರಟರು. ಸದ್ದು ಮಾಡಿದ ಕೈಗಳು ನಮ್ಮವು.

ನಾನು ಅಲ್ಲಿ ಬಣ್ಣ ಹೊಡೆಯುವವಳು. ಷೆಡ್ಡಿನ ಕೊನೆಯ ಮೂಲೆಯಲ್ಲಿ ಪ್ಲಾಸ್ಟಿಕ್ ಪರದೆ ಇಳಿಬಿಟ್ಟು, ಮೂಗಿಗೆ ಬಟ್ಟೆ ಕಟ್ಟಿ, ಸ್ಪ್ರೇ ಗನ್ನು ಹಿಡಿದು ನಿಲ್ಲುತ್ತೇನೆ. ಸಂಜೆ ಕೆಮ್ಮಿದರೆ ಆವತ್ತು ಯಾವ ಬಣ್ಣದ ಬೀರು ಅಂತ ಕರವಸ್ತ್ರ ನೋಡಿ ಹೇಳಬಹುದು. ನನ್ನ ತಂಗಿ ಪ್ರೆಸ್ಸಿನ ಮುಂದೆ ಕೂರುತ್ತಾಳೆ. ಬಾಗಿಲ ತಗಡಿಗೆ ಬೀಗದ ತೂತು, ಹಿಡಿಯ ತೂತು ಹೊಡೆಯುವುದು ಆ ಯಂತ್ರ. ಅಂಥವು ಎರಡಿದ್ದವು. ಒಂದರ ಮುಂದೆ ತಂಗಿ, ಇನ್ನೊಂದರ ಮುಂದೆ ಉದ್ದಕ್ಕ. ಉದ್ದಕ್ಕನಿಗೆ ಬೇರೆ ಹೆಸರಿತ್ತು, ಆದರೆ ಅಷ್ಟುದ್ದ ಬೆಳೆದ ಮೇಲೆ ಆ ಹೆಸರು ಯಾರಿಗೂ ಎಟುಕಲಿಲ್ಲ.

ಎರಡೂ ಪ್ರೆಸ್ಸುಗಳು ಯಜಮಾನರ ಅಪ್ಪನ ಕಾಲದವು. ಕಾಲಲ್ಲಿ ಒಮ್ಮೆ ತುಳಿದರೆ ಒಮ್ಮೆ ಬಡಿಯಬೇಕು. ಆದರೆ ಒಳಗಿನ ಕೊಂಡಿ ಸವೆದು, ಯಾವಾಗಲೋ ಒಮ್ಮೆ, ತುಳಿಯದಿದ್ದರೂ ತಾನಾಗಿ ಇನ್ನೊಂದು ಏಟು ಹಾಕುತ್ತಿತ್ತು. ಆ ಎರಡನೇ ಏಟು ಯಾವಾಗ ಬೀಳುತ್ತದೆಂದು ಹೇಳುವಂತಿರಲಿಲ್ಲ. ತಗಡು ತೆಗೆಯಲು ಕೈ ಒಳಗೆ ಹಾಕುವ ಹೊತ್ತಿಗೂ ಬೀಳಬಹುದು. ಹೊಸದು ತರುತ್ತೇವೆ ಎಂದು ಯಜಮಾನರು ಮಾತು ಕೊಟ್ಟಿದ್ದರು. ಒಂದು ಪ್ರೆಸ್ಸಿಗಾಗುವಷ್ಟು ದುಡ್ಡು ಎತ್ತಿಟ್ಟೂ ಇದ್ದರು. ಅದು ನಮಗೆಲ್ಲ ಗೊತ್ತಿತ್ತು, ಏಕೆಂದರೆ ಆ ವರ್ಷ ಸಂಬಳ ಏರಿಸದಿರಲು ಕೊಟ್ಟ ಕಾರಣ ಅದೇ.

ನಾನು, ತಂಗಿ, ಅವಳ ಮಗಳು ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದೆವು. ಕೋಣೆಗೆ ಒಂದು ಕಿಟಕಿ. ತೆರೆದರೆ ಪಕ್ಕದ ಮನೆಯ ಗೋಡೆ, ಮೂಗಿಗೆ ತಾಗುವಷ್ಟು ಹತ್ತಿರ. ಅಂಥ ಕೋಣೆಯಿಂದ ಬಂದು ದಿನವಿಡೀ ನಾನು ನಿಲ್ಲುತ್ತಿದ್ದ ಮೂಲೆಯ ಕಿಂಡಿಯಿಂದ ಏನು ಕಾಣುತ್ತಿತ್ತು ಅಂತೀರಿ? ಹಿತ್ತಲ ಸೈಟಿನಲ್ಲಿ ಏಳುತ್ತಿದ್ದ ಯಜಮಾನರ ಮನೆ. ನನಗೆ ಹೊಟ್ಟೆ ಉರಿಯಲಿಲ್ಲ ಅಂದರೆ ನಾಲಿಗೆ ಬಿದ್ದೀತು. ಉರಿಯಿತು. ಚೆನ್ನಾಗಿಯೇ ಉರಿಯಿತು.

ಆದರೆ ನನ್ನ ಹೊಟ್ಟೆಕಿಚ್ಚು ಏನು ಮಹಾ. ಆ ಮನೆಯ ಇಟ್ಟಿಗೆ ಇಟ್ಟಿಗೆಯೂ ಹೊಟ್ಟೆಕಿಚ್ಚಿನಲ್ಲೇ ಸುಟ್ಟದ್ದು.

ಮೊದಲು ನಕ್ಷೆಯವನು ಬರೆದದ್ದು ಸಾಧಾರಣ ಮನೆ. ಕೆಳಗೆ ಅಣ್ಣ, ಮೇಲೆ ತಮ್ಮ, ನಡುವೆ ಒಂದು ಮೆಟ್ಟಿಲು. ನಕ್ಷೆಯನ್ನು ಆಫೀಸಿನ ಮೇಜಿನ ಮೇಲೆ ಹಾಸಿದ್ದರು. ಆಫೀಸು ಅಂದರೆ ಷೆಡ್ಡಿನೊಳಗೇ ತಗಡಿನ ಅಡ್ಡಗೋಡೆ. ಆ ಕಡೆ ನಿಟ್ಟುಸಿರು ಬಿಟ್ಟರೂ ಈ ಕಡೆ ಕೇಳುತ್ತದೆ.

"ಅಂದ್ರೆ ಅವಳು ದಿನಾ ನನ್ನ ತಲೆ ಮೇಲೆ ಓಡಾಡಬೇಕು," ಅಂದರು ದೊಡ್ಡಮ್ಮನವರು. ದೊಡ್ಡ ಯಜಮಾನರ ಹೆಂಡತಿ. ನಾವೆಲ್ಲ ಹಾಗೇ ಕರೆಯುವುದು.

"ಹಾಗಾದ್ರೆ ನೀವೇ ಮೇಲಿರಿ ಅಕ್ಕ, ನಾನು ಕೆಳಗಿರ್ತೀನಿ," ಅಂದರು ಚಿಕ್ಕಮ್ಮನವರು, ತಮ್ಮನ ಹೆಂಡತಿ.

"ಕೆಳಗಿದ್ದು ಗೇಟಿಗೆ ಯಜಮಾನಿ ಆಗ್ತೀಯಾ? ಬಂದೋರೆಲ್ಲ ನಿನ್ನ ಕೇಳ್ಕೊಂಡು ನನ್ನ ಹತ್ರ ಬರಬೇಕಾ?"

"ಮೇಲೂ ಬೇಡ, ಕೆಳಗೂ ಬೇಡ ಅಂದ್ರೆ ಗಾಳೀಲಿ ಕಟ್ಟಬೇಕು."

ಗಾಳಿಯಲ್ಲಿ ಕಟ್ಟಲಿಲ್ಲ, ಅಗಲಕ್ಕೆ ಕಟ್ಟಿದರು. ಎಡಕ್ಕೆ ಒಬ್ಬರು, ಬಲಕ್ಕೆ ಒಬ್ಬರು, ಇಬ್ಬರಿಗೂ ಮಹಡಿ, ನಡುವೆ ಬಸ್ಸು ತಿರುಗಿಸುವಷ್ಟು ದೊಡ್ಡ ಹಜಾರ. ಒಂದು ಮೆಟ್ಟಿಲು ಎರಡಾಯಿತು. ಆಮೇಲೆ ಎರಡು ಅಡುಗೆಮನೆ, ಎರಡು ಗೇಟು, ಎರಡು ಬಾಲ್ಕನಿ. ದೊಡ್ಡಮ್ಮನವರು ಮಲಗಿ ಸ್ನಾನ ಮಾಡುವ ತೊಟ್ಟಿ ನೋಡಿ ಬಂದರು, ತೊಟ್ಟಿಯೂ ಎರಡಾಯಿತು. ಇಬ್ಬರಿಗೂ ಮಂಡಿನೋವು, ತೊಟ್ಟಿಗೆ ಇಳಿದರೆ ಏಳಿಸಲು ಕ್ರೇನು ಬೇಕು ಅಂತ ಉದ್ದಕ್ಕ ಅಂದಳು. ಅತಿಥಿಗಳ ಕೋಣೆ ಕಟ್ಟಿದರು, ಆ ಅತಿಥಿಗಳು ಯಾರೆಂದು ಅವರಿಗೇ ತಿಳಿಯದು. ನಕ್ಷೆಯವನಿಗೆ ಅಳತೆಯ ಮೇಲೆ ಕೂಲಿ. ಅವನು ಯಾವುದಕ್ಕೂ ಬೇಡ ಅನ್ನಲಿಲ್ಲ.

ಚಿಕ್ಕಮ್ಮನವರು ಸಂಜೆ ಸಂಜೆ ಸ್ವಂತ ಟೇಪು ಹಿಡಿದು ಬರುತ್ತಿದ್ದರು. ಮೇಸ್ತ್ರಿಯ ಟೇಪು ನಂಬುವಂತಿಲ್ಲ, ಅದು ಅಕ್ಕನ ಕಡೆಗೆ ಹಿಗ್ಗುತ್ತದೆ ಎಂಬ ಗುಮಾನಿ.

"ಅಕ್ಕಾ, ನಿಮ್ಮ ಕಿಟಕಿ ನೋಡಿದೆ. ಚೆನ್ನಾಗಿದೆ."

"ನಿಂದೂ ಅದೇ ಕಿಟಕಿ ಅಲ್ವೇನಮ್ಮ."

"ಅದೇ ಅಲ್ಲ. ನಂದು ಒಂದು ಬೆರಳು ಕಮ್ಮಿ ಇದೆ."

"ಬೆರಳಿಟ್ಟು ಅಳೆದ್ಯಾ?"

"ಬೆರಳು ನನ್ನದು ಸಣ್ಣ ಅಂತೀರಲ್ಲ ಆಮೇಲೆ. ಟೇಪಿಟ್ಟು ಅಳೆದೆ."

ಮರುದಿನ ಚಿಕ್ಕಮ್ಮನವರ ಕಿಟಕಿ ಒಡೆಸಿ ಅಗಲ ಮಾಡಿದರು. ಒಡೆದವನ ಕೈ ಜಾರಿ ಅದು ಅರ್ಧ ಬೆರಳು ಹೆಚ್ಚೇ ಆಯಿತು. ಅದರ ಮರುದಿನ ದೊಡ್ಡಮ್ಮನವರದು ಒಡೆಸಿದರು. ಹೀಗೆ ಗೋಡೆಯೆಲ್ಲ ಕರಗಿ ಕಿಟಕಿಯಾಗುತ್ತಿತ್ತು, ನಾನು ಕಿಂಡಿಯಲ್ಲಿ ನೋಡುತ್ತ ನಿಲ್ಲುತ್ತಿದ್ದೆ.

ಹೊಟ್ಟೆಕಿಚ್ಚು ಬಡವರ ರೋಗ ಅಂತ ಉಳ್ಳವರು ಹೇಳುತ್ತಾರೆ. ಇರಬಹುದು. ನಮ್ಮ ಕಿಚ್ಚು ನಮ್ಮ ಹೊಟ್ಟೆಯನ್ನೇ ಸುಟ್ಟು ಸುಮ್ಮನಾಗುತ್ತದೆ. ಅವರದಕ್ಕೆ ಸಿಮೆಂಟು, ಕಬ್ಬಿಣ, ಮರಳು ಒದಗಿಸುವವರಿದ್ದಾರೆ. ಅವರ ಹೊಟ್ಟೆಕಿಚ್ಚಿಗೆ ಲಾರಿ ಬರುತ್ತದೆ, ನಕ್ಷೆ ಬರುತ್ತದೆ, ಪರವಾನಗಿಯ ಮುದ್ರೆ ಬೀಳುತ್ತದೆ. ಕಟ್ಟಿ ನಿಲ್ಲಿಸಿದ ಮೇಲೆ ಅದನ್ನು ಅಂತಸ್ತು ಅನ್ನುತ್ತಾರೆ.

ಎರಡನೇ ಮೆಟ್ಟಿಲಿಗೆ ಕಲ್ಲು ತರಿಸಬೇಕು ಎಂಬ ಮಾತು ಬಂದಾಗ ಪ್ರೆಸ್ಸಿನ ದುಡ್ಡು ಅಲ್ಲಿಗೆ ಹೋಯಿತು ಅಂತ ಲೆಕ್ಕ ಬರೆಯುವವನೇ ನಮಗೆ ಉಸುರಿದ. ನಾನು, ತಂಗಿ, ಉದ್ದಕ್ಕ ಮೂವರೂ ದೊಡ್ಡ ಯಜಮಾನರ ಮುಂದೆ ಹೋಗಿ ನಿಂತೆವು.

"ತರಲ್ಲ ಅಂದ್ನಾ? ತರ್ತೀನಿ. ಸ್ವಲ್ಪ ತಡ ಆಗುತ್ತೆ," ಅಂದರು. ಕೆಟ್ಟ ಮನುಷ್ಯರಲ್ಲ ಅವರು. ಕೆಟ್ಟವರಾಗಿದ್ದರೆ ಜಗಳವಾದರೂ ಸುಲಭವಿತ್ತು. "ನೋಡ್ರಮ್ಮ, ಯಂತ್ರ ತಂದ ದಿನದಿಂದ ಸವೆಯುತ್ತೆ. ಮನೆ ಕಟ್ಟಿದ ದಿನದಿಂದ ಬೆಲೆ ಏರುತ್ತೆ. ದುಡ್ಡು ಎಲ್ಲಿ ಬೆಳೆಯುತ್ತೋ ಅಲ್ಲಿ ಹಾಕಬೇಕು. ದೊಡ್ಡ ಮನೆ ಅಂದ್ರೆ ದೊಡ್ಡ ಆಸ್ತಿ. ನಾಳೆ ಕಾರ್ಖಾನೆಗೆ ಕಷ್ಟ ಬಂತು ಅನ್ನಿ, ಮಾರಿದ್ರೆ ಹತ್ತು ಪ್ರೆಸ್ಸು ಬರುತ್ತೆ."

"ಅಲ್ಲೀವರೆಗೂ ಬೀರು ಬಾಗಿಲಿಗೆ ತೂತು ಮನೆ ಹೊಡೆಯುತ್ತಾ ಯಜಮಾನ್ರೆ?" ಅಂದಳು ಉದ್ದಕ್ಕ.

"ನಿಂಗೆ ವ್ಯವಹಾರ ಅರ್ಥ ಆಗಲ್ಲ."

"ಪ್ರೆಸ್ಸು ಎರಡನೇ ಏಟು ಹಾಕೋದು ನಿಮಗೆ ಅರ್ಥ ಆಗುತ್ತಲ್ಲ, ಸಾಕು."

ತಂಗಿ ಮಾತಾಡುವುದೇ ಕಡಿಮೆ. ತನ್ನ ಕೈಗಳನ್ನು ಸೆರಗಿನೊಳಗೆ ಹಾಕಿಕೊಂಡು ನಿಂತಿದ್ದಳು, ಅವನ್ನು ಯಾರೋ ಕೇಳಲು ಬಂದಿದ್ದಾರೆ ಎನ್ನುವ ಹಾಗೆ.

ಆ ವಾರವೇ ಅದು ಬಡಿಯಿತು. ನಾನು ಪರದೆಯೊಳಗಿದ್ದೆ. ಪ್ರೆಸ್ಸಿನ ಸದ್ದು ನನಗೆ ಗಡಿಯಾರವಿದ್ದಂತೆ. ಟಕ್, ನಡುವೆ ಒಂದು ಉಸಿರು, ಟಕ್. ಆವತ್ತು ಉಸಿರಿಲ್ಲದೆ ಟಕ್ ಟಕ್ ಅಂತು. ಗನ್ನು ಎಸೆದು ಓಡಿದೆ. ತಂಗಿ ಕೂತಲ್ಲೇ ಕೂತು ತನ್ನ ಬಲಗೈ ನೋಡುತ್ತಿದ್ದಳು. ಕೈಗವಸಿನ ನಡುಬೆರಳಿನ ತುದಿ ಇರಲಿಲ್ಲ. ಬೆರಳಿತ್ತು. ಬಟ್ಟೆಯ ತುದಿ ತಗಡಿನ ತೂತಿನೊಳಗೆ ಸಿಕ್ಕಿ ಒಂದು ಬಿಳಿ ಚುಕ್ಕೆಯಂತೆ ಕೂತಿತ್ತು. ದೊಡ್ಡ ಅಳತೆಯ ಕೈಗವಸು ಕೊಟ್ಟಿದ್ದಾರೆ ಎಂದು ಅವಳು ದಿನಾ ಗೊಣಗುತ್ತಿದ್ದಳು. ಆವತ್ತು ಅದೇ ಕಾಯಿತು.

"ಬೆಳಿಗ್ಗೆ ಇದೇ ಕೈಲಿ ಮಗಳಿಗೆ ಜಡೆ ಹಾಕಿದ್ದೆ ಅಕ್ಕ," ಅಂದಳು.

ಮಧ್ಯಾಹ್ನ ಲಾರಿ ಬಂತು. ಚಿಕ್ಕಮ್ಮನವರ ಮೆಟ್ಟಿಲಿನ ಕಲ್ಲು. ಕನ್ನಡಿಯಂತೆ ಉಜ್ಜಿದ ಕರಿಕಲ್ಲಿನ ಹಲಗೆಗಳು, ಒಳಗೆ ನಕ್ಷತ್ರ ಚೆಲ್ಲಿದಂತೆ ಮಿಂಚು. ದೊಡ್ಡಮ್ಮನವರದು ಆಗಲೇ ಬಂದು ಎಡಗಡೆ ಪೇರಿಸಿಟ್ಟಿತ್ತು. ಯಾರ ಮೆಟ್ಟಿಲಿಗೆ ಮೊದಲು ಕೂರಿಸುವುದು ಎಂಬುದು ಬಗೆಹರಿಯದೆ ಕಲ್ಲಿನ ಕೆಲಸದವನು ಎರಡು ಸಲ ಬಂದು ವಾಪಸು ಹೋಗಿದ್ದ. ಇಳಿಸಲು ಜನ ಸಾಲದೆಂದು ನಮ್ಮನ್ನೇ ಕರೆದರು. ನಾವೇ ಇಳಿಸಿದೆವು. ತಂಗಿಯೂ ಒಂದು ತುದಿ ಹಿಡಿದಳು, ಹರಿದ ಕೈಗವಸಿನಲ್ಲೇ. ಕಲ್ಲಿನಲ್ಲಿ ನನ್ನ ಮುಖ ಕಂಡಿತು. ಬಣ್ಣ ಮೆತ್ತಿದ ಹುಬ್ಬು, ಬಟ್ಟೆ ಕಟ್ಟಿದ ಮೂಗು. ಇಷ್ಟು ಒಳ್ಳೆಯ ಕನ್ನಡಿ ನನ್ನ ಮನೆಯಲ್ಲಿಲ್ಲ, ಇವರು ಇದರ ಮೇಲೆ ಕಾಲಿಡುತ್ತಾರೆ ಅಂದುಕೊಂಡೆ.

ಹಾಗೆ ಸುರಿದು ಸುರಿದು ಯಜಮಾನರ ಕೈ ಬರಿದಾಯಿತು. ಮನೆ ಅರ್ಧದಲ್ಲಿ ನಿಂತಿತು. ಮನೆಯ ಮೇಲೆ ಸಾಲ ತೆಗೆಯೋಣ ಅಂತ ಬ್ಯಾಂಕಿಗೆ ಹೋದರು. ಬ್ಯಾಂಕಿನಿಂದ ಬೆಲೆ ಕಟ್ಟುವವನು ಬಂದ. ಆವತ್ತು ನಾನು ಹಜಾರದ ಕಿಟಕಿಯ ಸರಳುಗಳಿಗೆ ಬಣ್ಣ ಹೊಡೆಯುತ್ತಿದ್ದೆ. ಕಾರ್ಖಾನೆಯ ಸಂಬಳದಲ್ಲೇ ಮನೆಯ ಕೆಲಸವನ್ನೂ ನಮ್ಮಿಂದ ಮಾಡಿಸಿಕೊಳ್ಳುವುದು ಅಷ್ಟು ಹೊತ್ತಿಗೆ ರೂಢಿಯಾಗಿತ್ತು.

ಬೆಲೆಯವನು ಸಣಕಲು ಮನುಷ್ಯ. ಗೋಡೆಗೆ ಕೆಂಪು ಚುಕ್ಕೆ ಬಿಟ್ಟು ಅಳೆಯುವ ಯಂತ್ರ ಹಿಡಿದಿದ್ದ. ಎಡಕ್ಕೆ ಹೋಗಿ ಬಂದ, ಬಲಕ್ಕೆ ಹೋಗಿ ಬಂದ. "ಇದನ್ನ ಆಗಲೇ ನೋಡಿದೆನಲ್ಲ," ಅಂದ.

"ಅದು ಬೇರೆ, ಇದು ಬೇರೆ," ಅಂದರು ಚಿಕ್ಕ ಯಜಮಾನರು.

ಆಮೇಲೆ ಅವನು ಹೇಳಿದ ಬೆಲೆ ಕೇಳಿ ಅಣ್ಣತಮ್ಮಂದಿರ ಮುಖ ಸುಣ್ಣವಾಯಿತು. ಸುರಿದದ್ದರ ಅರ್ಧವೂ ಇರಲಿಲ್ಲ.

"ನಾವು ಎಷ್ಟು ಹಾಕಿದ್ದೀವಿ ಗೊತ್ತಾ?" ಅಂದರು ದೊಡ್ಡ ಯಜಮಾನರು.

"ನೀವು ಹಾಕಿದ್ದು ಖರ್ಚು ಸಾರ್. ಬೆಲೆ ಅಂದ್ರೆ ಕೊಳ್ಳೋನು ಕೊಡೋದು. ಅವನೆಲ್ಲಿ? ಈ ಬೀದೀಲಿ ಆ ಕಡೆ ಟೈರಂಗಡಿ, ಈ ಕಡೆ ನಿಮ್ಮ ಷೆಡ್ಡು. ಇಷ್ಟು ದೊಡ್ಡ ಮನೆ ಕೊಳ್ಳೋ ತಾಕತ್ತಿರೋನು ಈ ಬೀದಿಗೆ ಬರಲ್ಲ. ಈ ಬೀದಿಗೆ ಬರೋನಿಗೆ ಆ ತಾಕತ್ತಿರಲ್ಲ."

"ಒಳ್ಳೊಳ್ಳೆ ಸಾಮಾನು ಹಾಕಿದ್ದೀವಿ."

"ಹಾಕಿದ್ದೀರಿ. ಎರಡೆರಡು ಹಾಕಿದ್ದೀರಿ. ಇದನ್ನ ಕೊಳ್ಳಬೇಕು ಅಂದ್ರೆ ನಿಮ್ಮಂಥ ಅಣ್ಣತಮ್ಮಂದಿರೇ ಬೇಕು, ಅವರ ಹೆಂಡತೀರೂ ಇಷ್ಟೇ ಅನ್ಯೋನ್ಯವಾಗಿರಬೇಕು." ನಗದೆ ಹೇಳಿದ. "ಒಂದು ಮೆಟ್ಟಿಲು ಒಡೆದು ಹಾಕಿ, ಬೆಲೆ ಜಾಸ್ತಿ ಬರೀತೀನಿ. ಇನ್ನೊಂದು ಮಾತು. ಈ ಗಾಜೆಲ್ಲ ಒರೆಸಬೇಕು, ಈ ದೀಪ ಉರಿಸಬೇಕು, ಇಷ್ಟು ಗೋಡೆಗೆ ಮತ್ತೆ ಮತ್ತೆ ಬಣ್ಣ ಬಳೀಬೇಕು. ಸಣ್ಣ ಮನೆ ನಿಮ್ಮನ್ನ ಸಾಕುತ್ತೆ. ಇದನ್ನ ನೀವು ಸಾಕಬೇಕು."

ನನಗೆ ಒಳಗೊಳಗೇ ತಂಪಾಯಿತು. ಬೇಸಿಗೆಯಲ್ಲಿ ಮಡಕೆ ನೀರು ಕುಡಿದಂತೆ. ಇಷ್ಟು ದಿನ ಕಿಂಡಿಯಿಂದ ನೋಡಿ ಕುದ್ದದ್ದಕ್ಕೆ ಬಡ್ಡಿ ಸಮೇತ ಸಿಕ್ಕಿತು ಅನ್ನಿಸಿತು. ಆದರೆ ತಂಪು ಎರಡು ಗುಟುಕಿಗೇ ಮುಗಿಯಿತು. ಅವರ ಮನೆಗೆ ಬೆಲೆಯಿಲ್ಲ ಅಂದರೆ ನನ್ನ ತಂಗಿಯ ಬೆರಳಿಗೆ ಬೆಲೆ ಬಂತೇ? ಮುಳುಗಿದ ದುಡ್ಡು ನಮ್ಮ ಪ್ರೆಸ್ಸಿನದೇ ತಾನೆ.

ಹೋಗುವಾಗ ಬೆಲೆಯವನು ಷೆಡ್ಡಿನೊಳಗೆ ಹಾದು ಹೋದ. ಪ್ರೆಸ್ಸಿನ ಮುಂದೆ ನಿಂತ. "ಇದಿನ್ನೂ ಓಡ್ತಿದೆಯಾ? ಹೊಸದು ತಗೊಳ್ಳಿ ಸಾರ್, ದುಡಿಯೋ ಯಂತ್ರಕ್ಕೆ ನಾವು ಕಣ್ಣು ಮುಚ್ಚಿ ಸಾಲ ಕೊಡ್ತೀವಿ. ಮನೆ ಹೆಂಗಸರ ಹೆಸರಲ್ಲಿ ತಗೊಂಡ್ರೆ ಬಡ್ಡಿನೂ ಸ್ವಲ್ಪ ಕಮ್ಮಿ." ಅಣ್ಣತಮ್ಮಂದಿರು ಆ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ನಾನಿದ್ದೆ.

ಎರಡು ದಿನ ಆ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಓಡಾಡಿದೆ. ಕೈ ಮುಗಿದು ಕೇಳಿ ಆಗಿತ್ತು. ಕೋಪದಿಂದ ಕೇಳಿ ಆಗಿತ್ತು. ಆ ಮನೆಯವರಿಗೆ ಕೇಳಿಸುವ ಭಾಷೆ ಒಂದೇ, ಅದರಲ್ಲೇ ಹೇಳಬೇಕು ಅಂತ ಹೊಳೆಯಿತು. ಆ ಭಾಷೆ ನನಗೂ ಚೆನ್ನಾಗಿಯೇ ಬರುತ್ತಿತ್ತು.

ಚಿಕ್ಕಮ್ಮನವರು ಟೇಪು ಹಿಡಿದು ಬಾಲ್ಕನಿಗೆ ಬಂದಾಗ ನಾನು ಅಲ್ಲಿ ಸರಳಿಗೆ ಬಣ್ಣ ಹೊಡೆಯುತ್ತಿದ್ದೆ.

"ಯಾಕೆ, ಇವತ್ತು ಭಾರಿ ನಿಧಾನ ನಿನ್ನ ಕೈ?" ಅಂದರು.

"ಯೋಚನೆ ಮಾಡ್ತಿದ್ದೆ ಅಮ್ಮಾವ್ರೆ. ಹೊಸ ಪ್ರೆಸ್ಸು ಬಂದ್ರೆ ಅದಕ್ಕೆ ಯಜಮಾನಿ ಹೆಸರು ಬರೀಬೇಕಲ್ಲ, ಯಾವ ಬಣ್ಣದಲ್ಲಿ ಬರೆಯೋದು ಅಂತ."

"ಯಜಮಾನಿ ಹೆಸರಾ?"

"ಬ್ಯಾಂಕಿನೋರು ಹೇಳಿದ್ರಲ್ಲ. ಹೆಂಗಸರ ಹೆಸರಲ್ಲಿ ಯಂತ್ರ ತಗೊಂಡ್ರೆ ಬಡ್ಡಿ ಕಮ್ಮಿಯಂತೆ. ಮನೆ ಹಿರಿಯೋರು ಅಂದ್ರೆ ದೊಡ್ಡಮ್ಮನವರೇ ತಾನೆ."

ಸುಳ್ಳು ಹೇಳಲಿಲ್ಲ. ನಿಜವನ್ನು ಬೇಕಾದ ಕಿವಿಗೆ ಹಾಕಿದೆ, ಅಷ್ಟೆ. ಟೇಪು ಸರ್ರನೆ ಸುತ್ತಿಕೊಂಡು ಡಬ್ಬಿಯೊಳಗೆ ಹೋಯಿತು. ಚಿಕ್ಕಮ್ಮನವರು ಅಳೆಯದೆಯೇ ಇಳಿದರು.

ತಗಡಿನ ಗೋಡೆಯಾಚೆ ಆವತ್ತು ಸಂಜೆ ನಡೆದದ್ದನ್ನು ಇಡೀ ಷೆಡ್ಡು ಕೆಲಸ ನಿಲ್ಲಿಸಿ ಕೇಳಿತು.

"ಯಂತ್ರ ಅಕ್ಕನ ಹೆಸರಿಗಾದ್ರೆ ಕಾರ್ಖಾನೆ ಅಕ್ಕನದ್ದಾಯ್ತು. ಮನೆಯಲ್ಲಿ ಸಮ ಕೊಟ್ಟು ಇಲ್ಲಿ ನಾಮ ಹಾಕ್ತೀರಾ?"

"ಯಾವ ಯಂತ್ರ? ಯಾರು ತಗೋತಿದ್ದಾರೆ?" ಅನ್ನುತ್ತಿದ್ದರು ಚಿಕ್ಕ ಯಜಮಾನರು.

"ನನಗೂ ಗೊತ್ತಿಲ್ಲ ಅಂದ್ರೆ ನೀನೇ ಗುಟ್ಟಾಗಿ ನಿನ್ನ ಹೆಸರಿಗೆ ತಗೊಳ್ಳೋಕೆ ಹೊರಟಿದ್ದೀಯ," ಅಂದರು ದೊಡ್ಡಮ್ಮನವರು. "ಹಿರಿಯಳು ನಾನಿರುವಾಗ ನಿನ್ನ ಹೆಸರು ಯಂತ್ರದ ಮೇಲಾ? ನೋಡೇ ಬಿಡ್ತೀನಿ."

ಪ್ರೆಸ್ಸು ಎಂದರೆ ಉದ್ದವೋ ಅಗಲವೋ ಎಂದು ಅವರಿಬ್ಬರಿಗೂ ಗೊತ್ತಿರಲಿಲ್ಲ. ಇನ್ನೊಬ್ಬಳಿಗೆ ಸಿಗಬಾರದು ಎಂಬುದಷ್ಟೇ ಗೊತ್ತಿತ್ತು. ಸಾಕಾಯಿತು. ಬ್ಯಾಂಕಿನವರು ಒಂದಕ್ಕೆ ಒಪ್ಪಿದರು, ಇಬ್ಬರ ಹೆಸರಲ್ಲೂ ಜಂಟಿಯಾಗಿ. ಹಾಸ್ಟೆಲ್ಲೊಂದರಿಂದ ಬೀರುಗಳಿಗೆ ದೊಡ್ಡ ಆರ್ಡರು ಬಂದಿದ್ದರಿಂದ ಯಜಮಾನರೂ ಬೇಡ ಅನ್ನಲಿಲ್ಲ.

ಹೊಸ ಪ್ರೆಸ್ಸು ಬಂದ ದಿನ ನಾವು ಅದರ ಸುತ್ತ ನಿಂತು ನೋಡಿದೆವು. ಕಾಲಲ್ಲಿ ತುಳಿಯುವುದಿಲ್ಲ. ಎರಡು ಗುಂಡಿ, ಆ ತುದಿಗೊಂದು ಈ ತುದಿಗೊಂದು. ಎರಡೂ ಕೈ ಎರಡು ಗುಂಡಿಯ ಮೇಲಿದ್ದರೆ ಮಾತ್ರ ಬಡಿಯುತ್ತದೆ. ಒಂದು ಕೈ ಎತ್ತಿದರೂ ನಿಲ್ಲುತ್ತದೆ. ಕೈ ಸಿಕ್ಕುವ ಮಾತೇ ಇಲ್ಲ. ತಂದವನು ಒತ್ತಿ ತೋರಿಸಿದಾಗ ತಂಗಿಯ ಕಣ್ಣಲ್ಲಿ ನೀರು ಬಂತು. ಬಟ್ಟೆಯಂಗಡಿಯ ಗಾಜಿನ ಮುಂದೆ ನಿಂತ ಮಗುವಿನಂತೆ ಉದ್ದಕ್ಕನೂ ನೋಡುತ್ತಿದ್ದಳು. ನಾನು ಇಬ್ಬರನ್ನೂ ನೋಡಿದೆ. ಯಂತ್ರ ಒಂದೇ ಅಂತ ನನಗೆ ಆಗ ತಲೆಗೆ ಹೋಯಿತು.

ಇದರ ಮುಂದೆ ಯಾರು ಕೂರಬೇಕು?

ದೊಡ್ಡಮ್ಮನವರು ನನ್ನ ತಂಗಿಯ ಹೆಸರು ಹೇಳಿದರು. ತಕ್ಷಣ ಚಿಕ್ಕಮ್ಮನವರು ಉದ್ದಕ್ಕ ಅಂದರು. ಯಂತ್ರದ ಮೇಲೆ ಇಬ್ಬರ ಹೆಸರಿದೆ, ಕೂರುವವಳು ಒಬ್ಬಳೇ, ಅವಳು ಯಾರ ಕಡೆಯವಳು ಎಂಬುದೇ ಈಗ ಅವರ ಅಳತೆ. ನಾನು ಸುಮ್ಮನಿದ್ದೆನೇ? ಇಲ್ಲ. ದೊಡ್ಡಮ್ಮನವರ ಹಿಂದೆ ಹಿಂದೆ ಹೋಗಿ, ನಿಮ್ಮ ಮಲಗುವ ಕೋಣೆಗೆ ರಜೆಯ ದಿನ ಬಂದು ಬಣ್ಣ ಹೊಡೆದುಕೊಡ್ತೀನಿ, ಕೂಲಿ ಬೇಡ ಅಂದೆ. ಈ ವಿಷಯ ಉದ್ದಕ್ಕನ ಕಿವಿಗೆ ಬೀಳಲು ಅರ್ಧ ದಿನವೂ ಬೇಕಾಗಲಿಲ್ಲ.

ಊಟದ ಹೊತ್ತಿಗೆ ಅವಳು ಡಬ್ಬಿ ಎತ್ತಿಕೊಂಡು ಬೇರೆ ಕಡೆ ಹೋಗಿ ಕೂತಳು. ವರ್ಷಗಟ್ಟಲೆ ಮೂವರೂ ಒಂದೇ ಹಲಗೆಯ ಮೇಲೆ ಕೂತು ಉಂಡವರು.

"ಬಾ ಇಲ್ಲಿ, ಯಾಕೆ ದೂರ?" ಅಂದೆ.

"ನೀವು ಅರಮನೆಯೋರು. ನಮ್ಮ ಡಬ್ಬಿ ವಾಸನೆ ಬಂದೀತು."

"ನಾನೇನು ತಪ್ಪು ಮಾಡ್ದೆ? ಅವಳಿಗೆ ಮಗಳಿದ್ದಾಳೆ."

"ನಂಗೆ ಯಾರೂ ಇಲ್ಲ. ಹಾಗಂತ ನನ್ನ ಕೈ ಏನು ಸೌದೆನಾ?"

"ಪ್ರೆಸ್ಸು ಬರೋ ಹಾಗೆ ಮಾಡಿದ್ದು ನಾನು ಉದ್ದಕ್ಕ."

"ಹೌದಲ್ಲ. ಹಾಗಾದ್ರೆ ಅದರ ಮೇಲೆ ನಿನ್ನ ಹೆಸರೂ ಬರಿ. ಮೂರನೇ ಯಜಮಾನಿ."

ಆ ಮಾತು ಮುಳ್ಳಿನಂತೆ ಒಳಗೆ ಮುರಿದು ಕೂತಿತು. ತಂಗಿ ತುತ್ತು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ನಾನು ಅವಳ ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ ತಂಗಿ ಹೊಸ ಪ್ರೆಸ್ಸಿನ ಮುಂದೆ ಕೂತಳು. ದೊಡ್ಡಮ್ಮನವರ ಮಾತು ನಡೆದಿತ್ತು. ಆರ್ಡರಿನ ಅವಸರ, ಆದ್ದರಿಂದ ಹಳೆಯದೂ ಓಡಬೇಕು. ಉದ್ದಕ್ಕ ತನ್ನ ಹಳೆಯದರ ಮುಂದೆ ಕೂತಳು. ಎರಡು ಸದ್ದು ಒಟ್ಟಿಗೆ ಕೇಳುತ್ತಿತ್ತು. ಹೊಸದರದು ಮೆತ್ತಗೆ, ಬೆಕ್ಕು ಮಹಡಿಯಿಂದ ಹಾರಿದಂತೆ. ಹಳೆಯದರದು ಟಕ್, ಉಸಿರು, ಟಕ್. ನಾನು ಗನ್ನು ಹಿಡಿದು ನಿಂತಿದ್ದೆ, ಕಿವಿ ಮಾತ್ರ ತಂಗಿಯ ಕಡೆಗಿರಲಿಲ್ಲ. ಹಳೆಯದರ ಉಸಿರು ತಪ್ಪುತ್ತದೆಯೇ ಎಂದು ಕಾಯುತ್ತಿತ್ತು. ಒಂದು ಬಾಗಿಲಿಗೆ ಎರಡು ಸಲ ಬಣ್ಣ ಹೊಡೆದುಬಿಟ್ಟೆ, ಅದು ಸೋರಿ ಇಳಿಯಿತು. ಅಷ್ಟು ವರ್ಷದ ಕೆಲಸದಲ್ಲಿ ನನ್ನ ಬಣ್ಣ ಸೋರಿದ್ದಿಲ್ಲ.

ಹೊಸದರ ಸದ್ದು ನಿಂತಿತು. ಪರದೆ ಸರಿಸಿ ನೋಡಿದೆ. ತಂಗಿ ಎದ್ದು ಹೋಗಿ ಉದ್ದಕ್ಕನ ಪಕ್ಕ ನಿಂತಿದ್ದಳು.

"ಏಳು," ಅಂದಳು.

"ಏನೇ?"

"ಏಳು ಅಂದೆ. ಇದರ ಮುಂದೆ ನೀನೂ ಕೂರಬೇಡ, ನಾನೂ ಕೂರಲ್ಲ. ಅದರಲ್ಲೇ ಸರದಿ ಹಾಕ್ಕೊಳ್ಳೋಣ."

ಉದ್ದಕ್ಕ ಕೂತಲ್ಲಿಂದಲೇ ಕತ್ತೆತ್ತಿ ಅವಳ ಮುಖ ನೋಡಿದಳು. ಮೇಲಿನಿಂದ ಕೆಳಗೆ ನೋಡಿಯೇ ಅಭ್ಯಾಸವಿದ್ದವಳಿಗೆ ಅದು ಹೊಸದಿರಬೇಕು. ಆಮೇಲೆ ಎದ್ದಳು. ನಾನು ಹೋಗಿ ಹಳೆಯ ಎರಡೂ ಪ್ರೆಸ್ಸುಗಳನ್ನು ಓಡಿಸುವ ಬೆಲ್ಟು ಕಳಚಿ ಹೆಗಲ ಮೇಲೆ ಹಾಕಿಕೊಂಡೆ. ಯಾರೂ ಹೇಳಲಿಲ್ಲ. ಅಷ್ಟಾದರೂ ನಾನು ಮಾಡಬೇಕಿತ್ತು. ಬೆಸುಗೆ ನಿಂತಿತು, ಮಡಿಕೆ ನಿಂತಿತು. ಇಡೀ ಷೆಡ್ಡು ತಣ್ಣಗಾಯಿತು.

ಮೌನ ಕೇಳಿ ಯಜಮಾನರಿಬ್ಬರೂ ಓಡಿ ಬಂದರು. ಹಿಂದೆಯೇ ಓರಗಿತ್ತಿಯರು.

"ಒಂದರಲ್ಲೇ ಮಾಡಿದ್ರೆ ಕೆಲಸ ಅರ್ಧ ಆಗುತ್ತೆ. ಆರ್ಡರು ಹೋಗುತ್ತೆ," ಅಂದರು ದೊಡ್ಡ ಯಜಮಾನರು.

"ಹೌದು. ಇನ್ನೊಂದು ತರಿಸಿ," ಅಂದಳು ಉದ್ದಕ್ಕ.

"ಎಲ್ಲಿಂದ ತರಿಸಲಿ? ಬ್ಯಾಂಕಿನೋರು ಒಂದಕ್ಕೇ ಕೊಟ್ಟಿದ್ದು. ಕೈಲಿ ಏನಿದೆ?"

ಷೆಡ್ಡಿನ ಹಿಂಬಾಗಿಲು ತೆರೆದಿತ್ತು. ಅಲ್ಲಿಂದ ಮನೆಯ ಹಜಾರ ಕಾಣುತ್ತಿತ್ತು, ಎಡಗಡೆ ಒಂದು ಕಲ್ಲಿನ ರಾಶಿ, ಬಲಗಡೆ ಒಂದು. ಬಿಸಿಲಿಗೆ ಎರಡೂ ಹೊಳೆಯುತ್ತಿದ್ದವು. ಮಾತಾಡದ ನನ್ನ ತಂಗಿ ಆಗ ಮಾತಾಡಿದಳು.

"ಆ ಕಲ್ಲು ಇಳಿಸಿದೋರು ನಾವೇ ಯಜಮಾನ್ರೆ. ಏರಿಸಿಯೂ ಕೊಡ್ತೀವಿ."

ಹರಿದ ಕೈಗವಸು ಅವಳ ಸೊಂಟದಲ್ಲಿ ಸಿಕ್ಕಿಸಿತ್ತು. ದೊಡ್ಡ ಯಜಮಾನರು ಅದನ್ನು ನೋಡಿದರು. ಮುಂಚೆಯೂ ನೋಡಿದ್ದರೇನೋ. ಈ ಸಲ ಕಣ್ಣು ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. "ಬಲಗಡೆದು ಮಾರಿದ್ರೆ..." ಅಂತ ತಮ್ಮನ ಕಡೆ ತಿರುಗಿದರು. "ಹೇಗೂ ಒಂದು ಮೆಟ್ಟಿಲು ಜಾಸ್ತಿ ಅಂತ ಅವನೇ ಹೇಳಿದ್ನಲ್ಲ."

"ಭಾವ, ನನ್ನ ಕಲ್ಲೇ ಯಾಕೆ?" ಅಂದರು ಚಿಕ್ಕಮ್ಮನವರು. "ಅಕ್ಕ ಕರಿಕಲ್ಲಿನ ಮೇಲೆ ನಡೀತಾರೆ, ನಾನು ಬರೀ ಸಿಮೆಂಟಿನ ಮೇಲೆ ನಡೀಬೇಕಾ? ಹೋದ್ರೆ ಎರಡೂ ಹೋಗಲಿ."

"ನಂದು ಯಾಕೆ ಹೋಗಬೇಕು?"

"ನಂದು ಯಾಕೆ ಹೋಗಬೇಕು ಹೇಳಿ ಮೊದಲು."

ಅವರಿಬ್ಬರನ್ನು ನಾನು ಯಾವತ್ತೂ ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ. ಕಟ್ಟುವಾಗ ಹೇಗೋ ಕೆಡವುವಾಗಲೂ ಹಾಗೆ, ಒಬ್ಬರಿಗಿಂತ ಒಬ್ಬರು ಕಡಿಮೆಯಿಲ್ಲ. ಸಂಜೆಯ ಹೊತ್ತಿಗೆ ಎರಡು ರಾಶಿಯೂ ಹೋಗಬೇಕೆಂದಾಯಿತು. ಕಲ್ಲಿನ ಅಂಗಡಿಯವನು ತಾನು ಮಾರಿದ್ದಕ್ಕಿಂತ ಕಡಿಮೆಗೆ ವಾಪಸು ತೆಗೆದುಕೊಂಡ. ದೊಡ್ಡ ಯಜಮಾನರು ಹೇಳುತ್ತಿದ್ದ ಏರುವ ಬೆಲೆ ಅಷ್ಟು ಬೇಗ ಇಳಿದದ್ದನ್ನು ನಾವೆಲ್ಲ ಕಣ್ಣಾರೆ ಕಂಡೆವು. ಆದರೂ ಎರಡು ರಾಶಿ ಸೇರಿ ಒಂದು 'ಎರಡು ಗುಂಡಿ'ಯ ಪ್ರೆಸ್ಸಿಗೆ ಸಾಕಾಯಿತು. ಲಾರಿಗೆ ನಾವೇ ಏರಿಸಿದೆವು. ಒಂದು ತುದಿ ಉದ್ದಕ್ಕ, ಇನ್ನೊಂದು ತುದಿ ನನ್ನ ತಂಗಿ. ಉದ್ದಕ್ಕ ಹಿಡಿದರೆ ಕಲ್ಲು ಓರೆಯಾಗುತ್ತಿತ್ತು, ತಂಗಿ ತುದಿಗಾಲಲ್ಲಿ ನಿಲ್ಲಬೇಕಾಗುತ್ತಿತ್ತು.

"ಸ್ವಲ್ಪ ಬಗ್ಗು ಮಾರಾಯ್ತಿ," ಅಂದಳು ತಂಗಿ.

"ನೀನು ಸ್ವಲ್ಪ ಬೆಳಿ," ಅಂದಳು ಉದ್ದಕ್ಕ. ನನ್ನ ಕಡೆ ಅವಳು ಇನ್ನೂ ನೇರ ನೋಡುತ್ತಿರಲಿಲ್ಲ. ಊಟಕ್ಕೆ ಮಾತ್ರ ಮಾರನೇ ದಿನ ಹಲಗೆಗೆ ಬಂದು ಕೂತಳು, ನನಗೂ ಅವಳಿಗೂ ನಡುವೆ ತಂಗಿಯನ್ನು ಕೂರಿಸಿಕೊಂಡು.

ಓರಗಿತ್ತಿಯರು ಆಮೇಲೆ ಆ ಮನೆಗೇ ವಾಸಕ್ಕೆ ಬಂದರು. ಬಣ್ಣ ಕಾಣದ ಗೋಡೆ, ಬರೀ ಸಿಮೆಂಟಿನ ಎರಡು ಮೆಟ್ಟಿಲು, ನೀರಿಲ್ಲದ ಎರಡು ತೊಟ್ಟಿ. ಹಜಾರದ ದೀಪ ಹಚ್ಚುವ ಸರದಿ ಯಾರದು ಅಂತ ಜಗಳ, ಹಾಗಾಗಿ ಅದು ಕತ್ತಲಲ್ಲೇ ಇರುತ್ತದೆ.

ಮೊನ್ನೆ ಬಾಲ್ಕನಿಯ ಸರಳಿಗೆ ತುಕ್ಕು ಹಿಡಿದಿದೆ, ಒಂದು ಕೈ ಬಣ್ಣ ಹೊಡೆದು ಬಾ ಅಂದರು. ಕೂಲಿ ಬೇರೆ ಕೊಡಬೇಕು ಅಂದೆ, ಒಪ್ಪಿದರು. ಮೇಲೆ ಹೋದೆ. ಮೂಗಿನ ಬಟ್ಟೆ ಬಿಚ್ಚಿದೆ. ಬೀದಿಯ ತಗಡಿನ ಮಾಡುಗಳ ಮೇಲಿಂದ ತಣ್ಣನೆಯ ಗಾಳಿ ಬಂದು ಮುಖಕ್ಕೆ ತಾಗಿತು. ಕೆಳಗೆ ಷೆಡ್ಡಿನಿಂದ ಎರಡು ಪ್ರೆಸ್ಸುಗಳ ಮೆತ್ತನೆ ಸದ್ದು, ಒಂದಾದ ಮೇಲೊಂದು. ಲೆಕ್ಕ ಹಾಕಿದರೆ ಆ ಮನೆ ನಷ್ಟ. ಬೆಲೆಯವನು ಹೇಳಿದ್ದ, ನಾನೇ ಕಣ್ಣಾರೆ ನೋಡಿದ್ದೆ. ಆದರೆ ಆ ಗಾಳಿಗೆ ಯಾರೂ ಬೆಲೆ ಕಟ್ಟಿರಲಿಲ್ಲ. ನನ್ನ ಕೋಣೆಯ ಕಿಟಕಿಗೆ ಅದು ಯಾವತ್ತೂ ಬರುವುದಿಲ್ಲ.

ಹೊಟ್ಟೆ ಮತ್ತೆ ಉರಿಯಿತು. ಆರಿಸಲು ಹೋಗಲಿಲ್ಲ. ಒಂದು ಕೈ ಸಾಲದು, ಎರಡು ಕೈ ಬಣ್ಣ ಬೇಕಾಗುತ್ತದೆ ಅಂತ ಕೆಳಗೆ ಕೂಗಿ ಹೇಳಿ, ಇನ್ನಷ್ಟು ಹೊತ್ತು ಅಲ್ಲೇ ನಿಂತೆ.